ಗುಡುಗು ಕೇಳಿದರೆ ಜಗುಲಿಗೆ ಓಡಿಬರುತ್ತಿದ್ದವರಿಗೆ ಒಂದು ಕೆಲಸ: ಮಳೆ-ಬಿರುಗಾಳಿಯ ಸ್ವಯಂ ವೀಕ್ಷಕರಾಗುವುದು ಹೇಗೆ?

ಏಪ್ರಿಲ್ ತಿಂಗಳ ಮಧ್ಯಾಹ್ನ. ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಸುಡುಬಿಸಿಲು. ಅದೇ ಹೊತ್ತಿಗೆ ಅಕ್ಕೂರಿನಿಂದ ಫೋನು ಬರುತ್ತದೆ: 'ಆಲಿಕಲ್ಲು ಹುಯ್ದು ಮಾವೆಲ್ಲ ನೆಲಕ್ಕೆ ಬಿತ್ತು ಕಣಣ್ಣ!' ಬೆಳಿಗ್ಗೆ ರೇಡಿಯೊದಲ್ಲಿ ಕೇಳಿದ್ದು 'ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ' ಎಂದಷ್ಟೇ. ಆ 'ಒಂದೆರಡು ಕಡೆ' ಎಲ್ಲಿ ಎಂಬುದೇ ರೈತನಿಗೆ ಬೇಕಾಗಿರುವುದು. ಮುನ್ಸೂಚನೆ ಕೊಡುವವರು ಅದನ್ನು ಮುಂಚಿತವಾಗಿ ಹೇಳಲಾರರು. ಮಳೆ ಹುಯ್ದ ಮೇಲೂ, ಯಾರಾದರೂ ತಿಳಿಸದೆ ಅವರಿಗೆ ಪೂರ್ತಿ ಗೊತ್ತಾಗುವುದಿಲ್ಲ.

ಆ 'ಯಾರಾದರೂ' ನೀವಾಗಬಹುದು. ಚಿಕ್ಕಂದಿನಲ್ಲಿ ಗುಡುಗಿದರೆ ಉಳಿದ ಮಕ್ಕಳು ಅರ್ಜುನನ ಹೆಸರು ಹೇಳುತ್ತಾ ಒಳಗೆ ಅಡಗಿಕೊಳ್ಳುತ್ತಿದ್ದಾಗ ನೀವು ಕಿಟಕಿಗೆ ಮುಖ ಒತ್ತಿ ನಿಂತವರಾ? ಆಲಿಕಲ್ಲು ಆಯ್ದು ಬಾಯಿಗೆ ಹಾಕಿಕೊಂಡು ಬೈಸಿಕೊಂಡವರಾ? ಹಾಗಿದ್ದರೆ ಈ ಕೆಲಸಕ್ಕೆ ಬೇಕಾದ ಮುಖ್ಯ ಅರ್ಹತೆ ನಿಮಗಿದೆ. ಉಳಿದದ್ದು ಒಂದು ಡಬ್ಬಿ, ಒಂದು ನೋಟ್‌ಪುಸ್ತಕ ಮತ್ತು ಕೊಂಚ ಶಿಸ್ತು.

ಯಂತ್ರಗಳಿರುವಾಗ ನಮ್ಮ ಕಣ್ಣು ಯಾಕೆ?

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. 1988ರಲ್ಲಿ ಬರದ ಉಸ್ತುವಾರಿಗೆಂದು ಶುರುವಾದ ಘಟಕವೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದು ನೆಟ್ಟಿರುವ ಸ್ವಯಂಚಾಲಿತ ಮಳೆಮಾಪಕಗಳು ಆರು ಸಾವಿರಕ್ಕೂ ಹೆಚ್ಚು. ಪ್ರತಿ 15 ನಿಮಿಷಕ್ಕೊಮ್ಮೆ ಅವು ಬೆಂಗಳೂರಿಗೆ ಲೆಕ್ಕ ಕಳಿಸುತ್ತವೆ. ಹೋಬಳಿ ಮಟ್ಟದ ಕೇಂದ್ರಗಳು ಗಾಳಿ, ಉಷ್ಣಾಂಶ, ತೇವಾಂಶವನ್ನೂ ಅಳೆಯುತ್ತವೆ.

ಆದರೆ ಒಂದು ಪಂಚಾಯಿತಿಯೆಂದರೆ ಹಲವು ಊರು, ದೊಡ್ಡಿ, ಪಾಳ್ಯ. ಬೇಸಿಗೆಯ ಗುಡುಗು ಮಳೆಯ ಪಟ್ಟಿ ಕೆಲವೊಮ್ಮೆ ಎರಡು-ಮೂರು ಕಿಲೋಮೀಟರ್ ಅಗಲವಷ್ಟೇ ಇರುತ್ತದೆ. ಮಾಪಕ ಇರುವ ಊರಿನಲ್ಲಿ ಹನಿ ಬೀಳದೆ ಪಕ್ಕದ ದೊಡ್ಡಿಯಲ್ಲಿ ಹಳ್ಳ ಹರಿದರೆ ದಾಖಲೆಯಲ್ಲಿ ಉಳಿಯುವುದು ಸೊನ್ನೆ. ಮಳೆಮಾಪಕಕ್ಕೆ ಆಲಿಕಲ್ಲು ಗೊತ್ತಿಲ್ಲ. ರೇಷ್ಮೆ ಹುಳು ಮನೆಯ ಶೀಟು ಹಾರಿಹೋದದ್ದು, ಹೆದ್ದಾರಿಗೆ ಅಡ್ಡಲಾಗಿ ಹುಣಸೆಮರ ಬಿದ್ದದ್ದು ಯಾವ ಯಂತ್ರಕ್ಕೂ ಕಾಣುವುದಿಲ್ಲ.

ಹಾಗಾದರೆ ರಾಡಾರ್? ಅದರ ಕಿರಣ ನೇರವಾಗಿ ಹೋಗುತ್ತದೆ, ಭೂಮಿ ಬಾಗುತ್ತದೆ. ಸುಮಾರು 200 ಕಿ.ಮೀ. ದೂರಕ್ಕೆ ಹೋಗುವಷ್ಟರಲ್ಲಿ ಅತಿ ಕೆಳಗಿನ ಕಿರಣವೂ ನೆಲದಿಂದ 4 ಕಿ.ಮೀ. ಮೇಲಿರುತ್ತದೆ. ಮೋಡದ ಹೊಟ್ಟೆಯೊಳಗೆ ಏನಿದೆಯೆಂದು ಅದು ಹೇಳಬಲ್ಲದು. ನಿಮ್ಮ ತೋಟದ ಮೇಲೆ ಬೀಳುತ್ತಿರುವುದು ನೀರೋ ಮಂಜುಗಡ್ಡೆಯೋ ಎಂಬುದಕ್ಕೆ ತೋಟದಲ್ಲಿರುವವರೇ ಸಾಕ್ಷಿ.

ಅಮೆರಿಕದ ಹವಾಮಾನ ಇಲಾಖೆ ಇದನ್ನು ಅರ್ಥಮಾಡಿಕೊಂಡು 1970ರ ದಶಕದಲ್ಲಿ 'ಸ್ಕೈವಾರ್ನ್' ಎಂಬ ವ್ಯವಸ್ಥೆ ಕಟ್ಟಿತು. ಶಿಕ್ಷಕರು, ರೈತರು, ಪೊಲೀಸರು ಸುಮಾರು ಎರಡು ಗಂಟೆಯ ಉಚಿತ ತರಬೇತಿ ಪಡೆದು ವೀಕ್ಷಕರಾಗುತ್ತಾರೆ. ಇವತ್ತು ಅವರ ಸಂಖ್ಯೆ ಲಕ್ಷಗಳಲ್ಲಿದೆ. 1997ರಲ್ಲಿ ಕೊಲರಾಡೊದ ಫೋರ್ಟ್ ಕಾಲಿನ್ಸ್ ಪಟ್ಟಣವನ್ನು ದಿಢೀರ್ ಪ್ರವಾಹ ಮುಳುಗಿಸಿದ ಮೇಲೆ, ಮನೆಮನೆಯ ಹಿತ್ತಿಲಲ್ಲಿ ಮಳೆ ಅಳೆಯುವ ಇನ್ನೊಂದು ಜಾಲ 1998ರಲ್ಲಿ ಅಲ್ಲೇ ಹುಟ್ಟಿತು. ನಮ್ಮಲ್ಲಿ ಅಂಥ ಬಿಲ್ಲೆ ತೊಟ್ಟ ವೀಕ್ಷಕರ ಪಡೆ ಇಲ್ಲ. ಆದರೆ ಭಾರತೀಯ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಸಾರ್ವಜನಿಕರು ತಾವು ಕಂಡ ಮಳೆ, ಆಲಿಕಲ್ಲು, ಗಾಳಿ, ಗುಡುಗು-ಸಿಡಿಲನ್ನು ದಾಖಲಿಸಲು ಜಾಗವಿದೆ. ಬಾಗಿಲು ತೆರೆದೇ ಇದೆ, ಹಳ್ಳಿಗಳಿಂದ ಹೋಗುವವರು ಕಡಿಮೆ.

ಕೆಲಸಕ್ಕಿಳಿಯುವ ಮುನ್ನ ಒಂದು ವಿಷಯ ಸ್ಪಷ್ಟವಾಗಿರಲಿ. ವೀಕ್ಷಕ ಮಳೆ ಬೆನ್ನಟ್ಟಿ ಹೋಗುವವನಲ್ಲ, ಭವಿಷ್ಯ ಹೇಳುವವನೂ ಅಲ್ಲ. ತಾನಿದ್ದಲ್ಲೇ ಇದ್ದು, ತಾನು ಕಂಡದ್ದನ್ನು ಮಾತ್ರ, ಕಂಡ ಹೊತ್ತಿಗೇ ತಿಳಿಸುವವನು.

ಗುಡುಗು ಮಳೆ ಕಟ್ಟುವುದು ಹೀಗೆ

ಮಾರ್ಚ್‌ನಿಂದ ಮೇವರೆಗೆ ನೆಲ ಕಾದು ಬಿಸಿಗಾಳಿ ಮೇಲೇರುತ್ತದೆ. ಸಮುದ್ರದ ಕಡೆಯಿಂದ ತೇವ ಬಂದು ಸೇರಿದ ದಿನ ಆ ಗಾಳಿ ಮೇಲೇರುತ್ತಾ ತಣಿದು ಮೋಡವಾಗುತ್ತದೆ, ಮೋಡವಾಗುವಾಗ ಬಿಡುವ ಶಾಖದಿಂದ ಇನ್ನೂ ಮೇಲೇರುತ್ತದೆ. ಕ್ಯುಮುಲೊನಿಂಬಸ್ ಎನ್ನುವ ಈ ಮೋಡದ ತಲೆ 12ರಿಂದ 16 ಕಿ.ಮೀ. ಎತ್ತರಕ್ಕೆ ಹೋಗುವುದುಂಟು. ನಮ್ಮಲ್ಲಿ ಸುಮಾರು 5 ಕಿ.ಮೀ. ಮೇಲಕ್ಕೆ ಹೋದರೆ ಉಷ್ಣಾಂಶ ಸೊನ್ನೆಗಿಂತ ಕೆಳಗೆ. ಏರುಗಾಳಿ ಹನಿಗಳನ್ನು ಅಲ್ಲಿಗೆ ಎತ್ತಿ ಹಿಡಿದಷ್ಟು ಹೊತ್ತು ಆಲಿಕಲ್ಲು ಬೆಳೆಯುತ್ತದೆ. ಭಾರ ಹೆಚ್ಚಾದಾಗ ಮಳೆ, ಆಲಿಕಲ್ಲುಗಳ ಜೊತೆಗೆ ತಣ್ಣನೆಯ ಗಾಳಿಯೂ ಧುಮುಕಿ, ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಸೆಕೆಯಲ್ಲಿ ಬೇಯುತ್ತಿರುವಾಗ ಇದ್ದಕ್ಕಿದ್ದಂತೆ ಮಣ್ಣಿನ ವಾಸನೆ ಹೊತ್ತ ತಂಪು ಗಾಳಿ ನುಗ್ಗಿತೆಂದರೆ ಅದು ಈ ಬೀಳುಗಾಳಿಯ ಮುಂಚೂಣಿ. ಹಾಯಾಯಿತೆಂದು ಎದೆಗೊಡ್ಡಿ ನಿಲ್ಲುವ ಹೊತ್ತಲ್ಲ ಅದು, ಒಳಗೆ ಹೋಗುವ ಹೊತ್ತು.

ಏನೇನು ಮಾಡಬೇಕು?

1. ನಿಮ್ಮ ಜಾಗ ಗುರುತು ಮಾಡಿಕೊಳ್ಳಿ

ಗಟ್ಟಿ ತಾರಸಿಯ ಮನೆಯೊಳಗಿನಿಂದ ಆಕಾಶ ಚೆನ್ನಾಗಿ ಕಾಣುವ ಕಿಟಕಿ ಯಾವುದು ನೋಡಿ. ಅಲ್ಲಿಂದ ಕಾಣುವ ಗುರುತುಗಳನ್ನು ದಿಕ್ಕು, ದೂರದ ಸಮೇತ ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ: ನೀರಿನ ಟ್ಯಾಂಕ್, ಮೊಬೈಲ್ ಟವರ್, ಬೆಟ್ಟ, ಕೆರೆ ಏರಿ. 'ಆ ಕಡೆ ಕಪ್ಪಾಗಿದೆ' ಎನ್ನುವುದಕ್ಕೂ 'ನೈಋತ್ಯಕ್ಕೆ, ಟ್ಯಾಂಕಿನ ಹಿಂದೆ ಸುಮಾರು 6 ಕಿ.ಮೀ. ದೂರದಲ್ಲಿ ಮಳೆ ಇಳಿಯುತ್ತಿದೆ' ಎನ್ನುವುದಕ್ಕೂ ಇರುವ ವ್ಯತ್ಯಾಸವೇ ವೀಕ್ಷಕನ ಬೆಲೆ. ಫೋನಿನ ನಕ್ಷೆಯಲ್ಲಿ ಮನೆಯ ಅಕ್ಷಾಂಶ-ರೇಖಾಂಶವನ್ನೂ ನೋಡಿ ಬರೆದಿಡಿ. ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ.

2. ಮಳೆ ಅಳೆಯಿರಿ

'ಒಂದು ಹದ ಮಳೆ ಆಯ್ತು' ಎಂದರೆ ಬಿತ್ತುವವನಿಗೆ ಅರ್ಥವಾಗುತ್ತದೆ, ದಾಖಲೆಗೆ ಮಿಲಿಮೀಟರ್ ಬೇಕು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಬಿದ್ದರೆ ಅದು 1 ಮಿ.ಮೀ. ಮಳೆ. ಈ ಲೆಕ್ಕ ತಿಳಿದರೆ ಮಾಪಕವನ್ನು ನೀವೇ ಮಾಡಿಕೊಳ್ಳಬಹುದು.

ಬಾಯಿಂದ ತಳದವರೆಗೆ ಒಂದೇ ಅಗಲವಿರುವ, ಗೋಡೆ ನೆಟ್ಟಗಿರುವ ಸ್ಟೀಲ್ ಡಬ್ಬಿ ತನ್ನಿ. ಒಳಬಾಯಿಯ ಅಗಲ 16 ಸೆಂ.ಮೀ. ಇದ್ದರೆ ಬಹಳ ಅನುಕೂಲ. ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಆಗುತ್ತದೆ, ಹವಾಮಾನ ಇಲಾಖೆಯ ಮಾಪಕಗಳಲ್ಲೂ ಈ ಅಳತೆಯವಿವೆ. ಆಗ 20 ಮಿ.ಲೀ. ನೀರು ಸಿಕ್ಕಿದರೆ 1 ಮಿ.ಮೀ. ಮಳೆ. ಡಬ್ಬಿಯ ಅಗಲ 20 ಸೆಂ.ಮೀ. ಆದರೆ 1 ಮಿ.ಮೀ.ಗೆ 31.4 ಮಿ.ಲೀ. ಅಳೆಯಲು ಮಿ.ಲೀ. ಗೆರೆ ಇರುವ ಲೋಟ ಸಾಕು. ಬೆಳೆಗೆ ಔಷಧಿ ಬೆರೆಸುವ ಲೋಟವನ್ನು ಮಾತ್ರ ಇದಕ್ಕೆ ಮುಟ್ಟಬೇಡಿ, ಹೊಸದೊಂದು ಇಟ್ಟುಕೊಳ್ಳಿ.

ಡಬ್ಬಿಯನ್ನು ಬಯಲಲ್ಲಿ, ಅಲುಗಾಡದ ಹಾಗೆ, ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಸಮವಾಗಿರುವಂತೆ ನಿಲ್ಲಿಸಿ. ಹತ್ತಿರದ ಮನೆ ಅಥವಾ ಮರ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರವಿರಲಿ. ತೆಂಗಿನ ತೋಟದವರಿಗೆ ಇದು ಕಷ್ಟ. ಅಂಥವರು ತೋಟದ ಆಸೆ ಬಿಟ್ಟು ರಾಗಿ ಹೊಲದ ಬದಿಗೆ ಹೋಗಬೇಕು. ತಾರಸಿ ಮೇಲೆ ಇಡಬಹುದಲ್ಲ ಎಂದು ಹಲವರು ಕೇಳುತ್ತಾರೆ. ಅಲ್ಲಿ ಗಾಳಿಯ ಸುಳಿಗೆ ಹನಿಗಳು ಡಬ್ಬಿ ದಾಟಿ ಹೋಗುತ್ತವೆ, ಲೆಕ್ಕ ಕಡಿಮೆ ಬರುತ್ತದೆ.

ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದು, ಬರೆದು, ಚೆಲ್ಲಿ. ದೇಶದಲ್ಲೆಲ್ಲ ಮಳೆಯ 'ದಿನ' ಈ 8.30ರಿಂದ ಮರುದಿನದ 8.30ರವರೆಗೆ. ನಿಮ್ಮ ಲೆಕ್ಕ ಅದಕ್ಕೆ ಹೊಂದಬೇಕು. ಮಳೆ ಬಾರದ ದಿನ 0 ಎಂದು ಬರೆಯಿರಿ. ಖಾಲಿ ಬಿಟ್ಟ ಜಾಗ ನೋಡಿದವರಿಗೆ ಮಳೆ ಬರಲಿಲ್ಲವೋ, ನೀವು ನೆಂಟರ ಮನೆಗೆ ಹೋಗಿದ್ದಿರೋ ತಿಳಿಯದು. ತಾರೀಕಿನ ಪಕ್ಕದಲ್ಲಿ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆ ನಕ್ಷತ್ರವನ್ನೂ ಬರೆದರೆ ಮನೆಯ ಹಿರಿಯರ ನೆನಪಿನ ಜೊತೆ ತಾಳೆ ನೋಡಬಹುದು. ಅವರ ನೆನಪು ಎಷ್ಟೋ ಸಲ ಕ್ಯಾಲೆಂಡರಿನಲ್ಲಿ ಅಲ್ಲ, ನಕ್ಷತ್ರದಲ್ಲಿರುತ್ತದೆ.

ಇಲಾಖೆಯ ಭಾಷೆಯಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ಜೋರು ಮಳೆ ಬಂದ ದಿನ 8.30ಕ್ಕೆ ಕಾಯದೆ, ಮಳೆ ನಿಂತು ಗುಡುಗೂ ನಿಂತ ಮೇಲೆ ಒಮ್ಮೆ ಅಳೆದು, ಎಷ್ಟು ಹೊತ್ತಿನಲ್ಲಿ ಎಷ್ಟು ಬಂತೆಂದು ಬರೆಯಿರಿ. ನೀರನ್ನು ಮತ್ತೆ ಡಬ್ಬಿಗೇ ಸುರಿಯಲು ಮರೆಯಬೇಡಿ.

3. ಗಾಳಿಯನ್ನು ಮರಗಳಿಂದ ಓದಿ

ಗಾಳಿಯ ವೇಗ ಅಳೆಯುವ ಉಪಕರಣ ಇಲ್ಲದಿದ್ದರೆ ಚಿಂತೆಯಿಲ್ಲ. ನಾವಿಕರು ಇನ್ನೂರು ವರ್ಷದಿಂದ ಬಳಸುತ್ತಿರುವ ಬ್ಯೂಫೋರ್ಟ್ ಮಾಪಕ ಕಣ್ಣಳತೆಯದೇ. ನೆಲದ ಮೇಲೆ ಅದು ಹೀಗೆ: ಧೂಳು, ಕಾಗದದ ಚೂರು ಎದ್ದು ಹಾರಿದರೆ ಗಂಟೆಗೆ 20-28 ಕಿ.ಮೀ.; ದೊಡ್ಡ ಕೊಂಬೆಗಳು ಅಲ್ಲಾಡಿ ಕೊಡೆ ಹಿಡಿಯಲು ಕಷ್ಟವಾದರೆ 39-49; ಇಡೀ ಮರ ತೂಗಿದರೆ 50-61; ರೆಂಬೆಗಳು ಮುರಿದು ಬಿದ್ದರೆ 62-74; ಹೆಂಚು, ಶೀಟು ಕಿತ್ತುಬಂದರೆ 75-88; ಮರ ಬುಡಸಮೇತ ಉರುಳಿದರೆ 89ಕ್ಕೂ ಹೆಚ್ಚು. ಇದನ್ನು ಮಾವು, ಹುಣಸೆಯಂಥ ಮರ ನೋಡಿ ಹೇಳಿ. ತೆಂಗು ಬಳುಕುವ ಮರ, ಅದರ ಸಾಕ್ಷಿ ನಂಬಬೇಡಿ. ವೇಗದ ಅಂಕಿಗಿಂತ ಕಣ್ಣಿಗೆ ಕಂಡ ಗುರುತನ್ನೇ ವರದಿಯಲ್ಲಿ ಬರೆಯುವುದು ಉತ್ತಮ.

4. ಮೋಡ, ಮಿಂಚು

ಮೋಡದ ತಲೆ ಹೂಕೋಸಿನಂತೆ ಗಂಟುಗಂಟಾಗಿ, ಅಂಚು ಚೂಪಾಗಿ ಕಂಡರೆ ಅದು ಇನ್ನೂ ಬೆಳೆಯುತ್ತಿದೆ. ಅಂಚು ಮಸುಕಾಗಿ, ತಲೆ ಚಪ್ಪಟೆಯಾಗಿ ಒಂದು ಕಡೆಗೆ ಹರಡಿದರೆ ಮೋಡ ಪೂರ್ತಿ ಬಲಿತು ಗುಡುಗು ಮಳೆಯಾಗಿದೆ. ಮಳೆಯ ಮುಂದೆ ತಗ್ಗಿನಲ್ಲಿ ಕಪ್ಪು ಕಟ್ಟೆಯಂತೆ ಉದ್ದಕ್ಕೆ ಉರುಳಿ ಬರುವ ಮೋಡ ಕಂಡರೆ ಅದರ ಕೆಳಗೇ ಬಿರುಗಾಳಿ ಬರುತ್ತಿದೆ ಎಂದು ತಿಳಿಯಿರಿ. ಯಾವ ದಿಕ್ಕಿನಲ್ಲಿ ಕಟ್ಟಿತು, ಯಾವ ಕಡೆಗೆ ಸಾಗಿತು ಎಂದು ಪ್ರತಿ ಸಲ ಬರೆಯಿರಿ. ನಮ್ಮೂರಿನ ಬೇಸಿಗೆ ಮಳೆ ಹೆಚ್ಚಾಗಿ ಯಾವ ಕಡೆಯಿಂದ ಬರುತ್ತದೆ ಎಂಬ ಪ್ರಶ್ನೆಗೆ ನಾಲ್ಕಾರು ವರ್ಷದ ಬರಹವೇ ಉತ್ತರ ಕೊಡುತ್ತದೆ.

ಮಿಂಚು ಕಂಡಲ್ಲಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 30 ಸೆಕೆಂಡಿಗೆ 10 ಕಿ.ಮೀ. ಇದು ದಾಖಲೆಗೆ ಮಾತ್ರ. ಒಳಗೆ ಹೋಗಲು ಎಣಿಕೆಗೆ ಕಾಯಬೇಡಿ, ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲೇ ಇದೆ.

5. ಆಲಿಕಲ್ಲು

ಆಲಿಕಲ್ಲೂ ಗುಡುಗೂ ನಿಂತ ಮೇಲೆ ಹೊರಗೆ ಬಂದು, ಎಲ್ಲಕ್ಕಿಂತ ದೊಡ್ಡದನ್ನು ಹತ್ತು ರೂಪಾಯಿ ನಾಣ್ಯದ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ. ನಾಣ್ಯದ ಅಗಲ 27 ಮಿ.ಮೀ. ಗುಡುಗು ನಿಲ್ಲುವಷ್ಟರಲ್ಲಿ ಕರಗಿಹೋಗುವಂತಿದ್ದರೆ ಸೂರಿನ ಕೆಳಗೆ ಉರುಳಿ ಬಂದದ್ದೇ ಸಾಕು. ಎಷ್ಟು ನಿಮಿಷ ಬಿತ್ತು, ನೆಲ ಬೆಳ್ಳಗಾಯಿತೇ, ಎಲೆ ಹರಿದವೇ, ಕಾಯಿಗೆ ಪೆಟ್ಟಾಯಿತೇ ಎಂಬುದನ್ನೂ ಬರೆಯಿರಿ.

6. ತಿಳಿಸಿ

ಎಲ್ಲಿ, ಯಾವಾಗ, ಏನು, ಎಷ್ಟು, ಹೇಗೆ ಗೊತ್ತಾಯಿತು. ಈ ಐದೂ ಇದ್ದರೆ ವರದಿ ಪೂರ್ತಿ. ಮಾದರಿಗೆ ಒಂದು:

'ಅಕ್ಕೂರು, ಚನ್ನಪಟ್ಟಣ ತಾಲ್ಲೂಕು. ಸಂಜೆ 4.20ರಿಂದ 4.26 ಆಲಿಕಲ್ಲು. ದೊಡ್ಡದು ಸುಮಾರು 15 ಮಿ.ಮೀ., ನಾಣ್ಯದ ಜೊತೆ ಫೋಟೊ ಇದೆ. ಗಾಳಿ ಪಶ್ಚಿಮದಿಂದ, ಮಾವಿನ ರೆಂಬೆ ಮುರಿದಿವೆ. ಮಳೆ 40 ನಿಮಿಷಕ್ಕೆ 28 ಮಿ.ಮೀ., ಡಬ್ಬಿಯಲ್ಲಿ ಅಳೆದದ್ದು. ನಾನೇ ಕಂಡದ್ದು.'

ಇದನ್ನು ಹವಾಮಾನ ಇಲಾಖೆಯ ಜಾಲತಾಣದ ಸಾರ್ವಜನಿಕ ವೀಕ್ಷಣೆ ವಿಭಾಗಕ್ಕೆ ಹಾಕಿ. ರಸ್ತೆಗೆ ಮರ ಬಿದ್ದರೆ, ಕೆರೆ ಏರಿ ಕುಸಿಯುವಂತಿದ್ದರೆ ಮೊದಲು ಜಿಲ್ಲಾ ನಿಯಂತ್ರಣ ಕೊಠಡಿ 1077, ಜೀವಕ್ಕೆ ಅಪಾಯವಿದ್ದರೆ 112, ವಿದ್ಯುತ್ ತಂತಿ ಹರಿದಿದ್ದರೆ ಬೆಸ್ಕಾಂನ 1912. ಆಮೇಲೆ ಪಿಡಿಒ ಮತ್ತು ಗ್ರಾಮ ಆಡಳಿತಾಧಿಕಾರಿಗೆ. ಮುನ್ಸೂಚನೆ ಕೇಳಲು ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿ ಇದೆ: 92433 45433.

ಸಾಮಾನ್ಯವಾಗಿ ಆಗುವ ತಪ್ಪುಗಳು

ಜೋರು ಮಳೆಗೆಲ್ಲ 'ಮೇಘಸ್ಫೋಟ' ಎನ್ನುವುದು. ಇಲಾಖೆಯ ಪ್ರಕಾರ ಸಣ್ಣ ಪ್ರದೇಶದಲ್ಲಿ ಒಂದು ಗಂಟೆಗೆ 100 ಮಿ.ಮೀ. ಮುಟ್ಟಿದರೆ ಮಾತ್ರ ಅದು ಮೇಘಸ್ಫೋಟ. ಟಿವಿಯವರು ಏನೇ ಹೇಳಲಿ, ನೀವು ಡಬ್ಬಿ ನೋಡಿ ಮಾತಾಡಿ.

ಮರ ಉರುಳಿದ ಕೂಡಲೇ 'ಸುಂಟರಗಾಳಿ' ಎಂದು ಬರೆಯುವುದೂ ಇಂಥದ್ದೇ. ಬಿದ್ದ ಮರಗಳ ತಲೆ ಯಾವ ಕಡೆಗಿದೆ ನೋಡಿ. ಎಲ್ಲವೂ ಒಂದೇ ದಿಕ್ಕಿಗೆ ಅಥವಾ ಬೀಸಣಿಗೆ ಬಿಚ್ಚಿದ ಹಾಗೆ ಹೊರಕ್ಕೆ ಮಲಗಿದ್ದರೆ ಅದು ಮೋಡದಿಂದ ಧುಮುಕಿದ ಬೀಳುಗಾಳಿ. ಕಿರಿದಾದ ಪಟ್ಟಿಯೊಂದರಲ್ಲಿ ಒಳಕ್ಕೆ ತಿರುಚಿ, ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿದ್ದರೆ ಮಾತ್ರ ಸುತ್ತುಗಾಳಿಯ ಅನುಮಾನ. ಹೆಸರಿಡುವ ಕೆಲಸ ತಜ್ಞರಿಗೆ ಬಿಟ್ಟು ದಿಕ್ಕನ್ನಷ್ಟೇ ಬರೆಯಿರಿ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊ ದಾಟಿಸುವುದು ಎಲ್ಲಕ್ಕಿಂತ ಕೆಟ್ಟ ತಪ್ಪು. ಹೋದ ವರ್ಷದ ಆಲಿಕಲ್ಲು, ಬೇರೆ ರಾಜ್ಯದ ಪ್ರವಾಹ ಪ್ರತಿ ಬೇಸಿಗೆಯಲ್ಲೂ 'ಈಗಷ್ಟೇ ನಮ್ಮ ತಾಲ್ಲೂಕಿನಲ್ಲಿ' ಎಂಬ ಒಕ್ಕಣೆ ಹೊತ್ತು ಸುತ್ತುತ್ತವೆ. ಒಮ್ಮೆ ಸುಳ್ಳು ವರದಿ ಹೋದರೆ ಮುಂದಿನ ಸಲ ನಿಮ್ಮ ನಿಜವನ್ನೂ ಯಾರೂ ನಂಬುವುದಿಲ್ಲ. ಪಕ್ಕದೂರಿನ ಭಾವ ಫೋನಿನಲ್ಲಿ ಹೇಳಿದ್ದಾದರೆ 'ಕೇಳಿದ್ದು' ಎಂದೇ ಬರೆಯಿರಿ.

'ನಾಳೆ ಸಂಜೆ ಗ್ಯಾರಂಟಿ ಮಳೆ' ಎಂದು ಊರವರಿಗೆ ಹೇಳುವ ಚಟವೂ ವೀಕ್ಷಕರಿಗೆ ಬೇಗ ಅಂಟಿಕೊಳ್ಳುತ್ತದೆ. ಅದನ್ನು ಹವಾಮಾನ ಇಲಾಖೆಯ ಮೂರು ಗಂಟೆಯ ತಕ್ಷಣದ ಮುನ್ಸೂಚನೆಗೆ, ಹಳದಿ-ಕಿತ್ತಳೆ-ಕೆಂಪು ಎಚ್ಚರಿಕೆಗಳಿಗೆ ಬಿಡಿ.

ಎಚ್ಚರಿಕೆ

ಸಿಡಿಲಿಗೆ ಈ ದೇಶದಲ್ಲಿ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಾಯುತ್ತಾರೆ. ಹೊಲದಲ್ಲಿ ಕೆಲಸ ಮಾಡುವವರು, ದನ-ಕುರಿ ಕಾಯುವವರು, ಮಳೆಗೆಂದು ಮರದಡಿ ನಿಂತವರು ಇವರಲ್ಲಿ ಹೆಚ್ಚು. ಗುಡುಗುವಾಗ ಮರದ ಬುಡ, ಬಂಡೆಯ ನೆತ್ತಿ, ಬದಿ ತೆರೆದ ಶೆಡ್ಡು, ಕಲ್ಲಿನ ಮಂಟಪ ಯಾವುದೂ ಆಸರೆಯಲ್ಲ. ಗಟ್ಟಿ ಮನೆ, ಇಲ್ಲವೇ ಗಾಜು ಏರಿಸಿದ ಕಾರು ಆಸರೆ. ಬೋರ್‌ವೆಲ್ ಸ್ಟಾರ್ಟರ್, ತಂತಿ ಬೇಲಿ, ನಲ್ಲಿ ಮುಟ್ಟಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷವಾಗುವ ತನಕ ಡಬ್ಬಿಯ ಹತ್ತಿರ ಹೋಗಬೇಡಿ, ಮಳೆ ನೀರು ಎಲ್ಲೂ ಓಡಿಹೋಗುವುದಿಲ್ಲ. 20 ಮತ್ತು 40 ಕಿ.ಮೀ. ವ್ಯಾಪ್ತಿಯ ಸಿಡಿಲನ್ನು ತೋರಿಸುವ 'ದಾಮಿನಿ', ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್‌ಗಳು ಫೋನಿನಲ್ಲಿರಲಿ. ಆದರೆ ಆ್ಯಪ್ ಹಸಿರು ತೋರಿಸುತ್ತಿದ್ದು ಕಿವಿಗೆ ಗುಡುಗು ಕೇಳಿದರೆ ಕಿವಿಯನ್ನೇ ನಂಬಿ.

ನೀರಿನ ವಿಷಯವೂ ಅಷ್ಟೇ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯೇ ಹೊಳೆಯಾಗಿ ವಾಹನಗಳು ಅಂಡರ್‌ಪಾಸಿನಲ್ಲಿ ಮುಳುಗಿದ್ದನ್ನು ಈ ಭಾಗದವರು ಮರೆತಿಲ್ಲ. ಕೋಡಿ ಬಿದ್ದ ಕೆರೆ, ತುಂಬಿದ ಶಿಂಷಾ, ಕಣ್ವ, ಅರ್ಕಾವತಿಯನ್ನು ಸೇತುವೆ ಮೇಲೆ ನಿಂತು ಚಿತ್ರ ತೆಗೆಯುವುದು ವೀಕ್ಷಣೆಯಲ್ಲ, ಹುಚ್ಚು ಧೈರ್ಯ. ಮತ್ತೊಂದು ಮಾತು, ಇದು ಅಮೆರಿಕದ ಕೈಪಿಡಿಗಳಲ್ಲಿ ಸಿಗುವುದಿಲ್ಲ: ಚನ್ನಪಟ್ಟಣ-ಕನಕಪುರದ ಕಾಡಂಚಿನವರು ಕತ್ತಲಾದ ಮೇಲೆ ಮಳೆ ಅಳೆಯಲು ತೋಟಕ್ಕೆ ಹೋಗಬೇಡಿ. ಮಾವು, ಹಲಸಿನ ಕಾಲದಲ್ಲಿ ಆನೆಗಳೂ ಅಲ್ಲೇ ಇರುತ್ತವೆ.

ನಿಮಗೇನು ಲಾಭ?

ಸಂಬಳವಿಲ್ಲ. ಆದರೆ ಬರೆದಿಟ್ಟ ಪುಸ್ತಕ ಬೆಳೆ ಹಾನಿಯ ದಿನ ಕೆಲಸಕ್ಕೆ ಬರುತ್ತದೆ. ಫಸಲ್ ಬಿಮಾ ಮಾಡಿಸಿದ ಬೆಳೆಗೆ ಆಲಿಕಲ್ಲಿನಿಂದ, ಹೊಲ ಮುಳುಗಿದ್ದರಿಂದ ನಷ್ಟವಾದರೆ 72 ಗಂಟೆಯೊಳಗೆ ತಿಳಿಸಬೇಕು. 14447 ಅದರ ಸಹಾಯವಾಣಿ. ದಿನ, ಹೊತ್ತು, ಅಳತೆ, ನಾಣ್ಯದ ಜೊತೆಗಿನ ಫೋಟೊ ಕೈಯಲ್ಲಿದ್ದವರು 'ಹೋದ ವಾರ ಯಾವಾಗಲೋ' ಎನ್ನಬೇಕಿಲ್ಲ. ಹವಾಮಾನ ಆಧಾರಿತ ವಿಮೆಯಿರುವ ತೋಟದ ಬೆಳೆಗಳಿಗೆ ಅಧಿಕೃತ ಕೇಂದ್ರದ ಅಳತೆಯೇ ಲೆಕ್ಕ, ನಿಮ್ಮ ಡಬ್ಬಿಯದಲ್ಲ. ಆದರೆ ಪಂಚಾಯಿತಿಯ ಮಾಪಕಕ್ಕೆ ಗಿಡ ಮುಚ್ಚಿಕೊಂಡಿದೆ, ಅದು ವಾರಗಟ್ಟಲೆ ಸೊನ್ನೆ ತೋರಿಸುತ್ತಿದೆ ಎಂದು ದಾಖಲೆ ಸಮೇತ ಹೇಳಬಲ್ಲವರು ಅದೇ ಊರಲ್ಲಿ ಅಳೆಯುತ್ತಿರುವವರೇ. ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದಾಗ ಪುಸ್ತಕ ಜೊತೆಗಿಟ್ಟುಕೊಳ್ಳಿ. ಸಲಹೆ ಕೊಡುವವರಿಗೂ ನಿಮ್ಮ ಹೊಲದ ಮಳೆ ಗೊತ್ತಿದ್ದರೆ ಒಳ್ಳೆಯದು.

ಮನೆಯಲ್ಲಿ ಮೋಡ ನೋಡುತ್ತಾ ಊಟ ಮರೆಯುವ ಮಗುವಿದ್ದರೆ 8.30ರ ಅಳತೆ ಅದಕ್ಕೇ ಒಪ್ಪಿಸಿ. ಭಾಗಾಕಾರ, ದಶಮಾಂಶ, ದಿಕ್ಕು ಎಲ್ಲವೂ ಬಾಯಿಪಾಠವಿಲ್ಲದೆ ಬರುತ್ತವೆ. ಗುಡುಗುವಾಗಿನ ವೀಕ್ಷಣೆ ಮಾತ್ರ ದೊಡ್ಡವರ ಜೊತೆ, ಒಳಗಿನಿಂದ.

ಅಶ್ವಿನಿ ಮಳೆ ಹುಟ್ಟುವುದು ಏಪ್ರಿಲ್ 14ರ ಸುಮಾರಿಗೆ, ಮೊದಲ ಗುಡುಗು ಅದಕ್ಕೂ ಮುಂಚೆಯೇ ಬರುತ್ತದೆ. ಮಾರ್ಚ್ ಮೊದಲ ವಾರದೊಳಗೆ ಡಬ್ಬಿ ನಿಲ್ಲಿಸಿ, 1077, 1912, 112 ಮೂರನ್ನೂ ಕಿಟಕಿಯ ಪಕ್ಕದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.